ಫಲಕದಡಿಗೆ ಫಲಕ ಇಳಿಯುವಾಗ ಬಂಡೆ ಒಡೆಯುತ್ತದೋ, ಬಳುಕುತ್ತದೋ?

ಓದುಗರ ಪ್ರಶ್ನೆ: ಸಾಗರದ ತಳ ಖಂಡದ ಅಂಚಿನಡಿಗೆ ಇಳಿದುಹೋಗುವ ಕಡೆ, ಅಂದರೆ ಸಬ್‌ಡಕ್ಷನ್ ವಲಯದಲ್ಲಿ, ಬಂಡೆಗೆ ನಿಜವಾಗಿ ಏನಾಗುತ್ತದೆ? ಬಂಡೆ ಒಡೆದರೆ ಭೂಕಂಪ, ಮೆತ್ತಗೆ ಬಳುಕಿದರೆ ಭೂಕಂಪವಿಲ್ಲ ಎಂದು ಓದಿದ್ದೇನೆ. ಹಾಗಿದ್ದರೆ ಒಂದೇ ಕಲ್ಲಿನಲ್ಲಿ ಎರಡರ ಗುರುತೂ ಸಿಗುವುದೇಕೆ? ಒಂದೇ ಭೂಕಂಪದಲ್ಲಿ ಒಂದು ಕರಾವಳಿ ಏರಿ ಇನ್ನೊಂದು ಮುಳುಗುವುದು ಹೇಗೆ?

ಉತ್ತರ:

ಒಡೆಯುವುದು, ಬಳುಕುವುದು ಕಲ್ಲಿನ ಹುಟ್ಟುಗುಣ ಎಂದುಕೊಂಡರೆ ಈ ವಿಷಯ ಅರ್ಥವಾಗುವುದಿಲ್ಲ. ಕಲ್ಲು ಎಷ್ಟು ಬಿಸಿಯಾಗಿದೆ, ಅದರ ಮೇಲೆ ಎಷ್ಟು ಭಾರವಿದೆ, ಅದನ್ನು ಎಷ್ಟು ವೇಗವಾಗಿ ತಳ್ಳಲಾಗುತ್ತಿದೆ, ಅದರ ಸಂದುಗಳಲ್ಲಿ ನೀರು ಎಷ್ಟು ಒತ್ತಡದಲ್ಲಿದೆ ಎಂಬ ನಾಲ್ಕು ಸಂಗತಿಗಳು ಸೇರಿ ಅದನ್ನು ತೀರ್ಮಾನಿಸುತ್ತವೆ. ಸಬ್‌ಡಕ್ಷನ್ ವಲಯದ ಮಟ್ಟಿಗೆ ಈ ನಾಲ್ಕರಲ್ಲಿ ನೀರಿನದೇ ಮೇಲುಗೈ. ಪಠ್ಯಪುಸ್ತಕದ ಚಿತ್ರಗಳಲ್ಲಿ ಫಲಕಗಳು (ಭೂಮಿಯ ಹೊರಚಿಪ್ಪಿನ ಚಲಿಸುವ ದೊಡ್ಡ ತುಂಡುಗಳು), ಬಾಣದ ಗುರುತುಗಳು ಇರುತ್ತವೆ; ನೀರು ಮಾತ್ರ ಇರುವುದಿಲ್ಲ. ಗೊಂದಲ ಶುರುವಾಗುವುದು ಅಲ್ಲಿಂದಲೇ.

ಇಳಿಯುವ ಫಲಕದ ಜೊತೆಗೇ ಹೋಗೋಣ. ಕಂದಕ, ಅಂದರೆ ಫಲಕ ಖಂಡದಡಿಗೆ ಇಳಿಯುವ ಕಡೆ ಸಾಗರತಳದಲ್ಲಿರುವ ಆಳದ ಕಣಿವೆ, ಇನ್ನೂ ಹತ್ತಾರು ಕಿಲೋಮೀಟರ್ ದೂರವಿರುವಾಗಲೇ ಫಲಕ ಬಾಗತೊಡಗುತ್ತದೆ. ಬಾಗಿದ ಹಲಗೆಯ ಮೇಲ್ಮೈ ಹಿಗ್ಗುತ್ತದೆ, ಅಡಿಮೈ ಕುಗ್ಗುತ್ತದೆ, ಎರಡೂ ಆಗದ ಪದರ ಒಂದು ನಡುವೆ ಇರುತ್ತದೆ. ಆ ಪದರ 20 ಕಿ.ಮೀ. ಆಳದಲ್ಲಿದೆ, ಬಾಗಿನ ತ್ರಿಜ್ಯ 400 ಕಿ.ಮೀ. ಎಂದಿಟ್ಟುಕೊಳ್ಳಿ. ಮೇಲ್ಮೈ ಶೇ. 5ರಷ್ಟು ಹಿಗ್ಗಬೇಕಾಗುತ್ತದೆ. ಸಾಗರತಳದ ಲಾವಾಶಿಲೆಯಾದ ಬಸಾಲ್ಟ್ ತಣ್ಣಗಿರುವಾಗ ಒಡೆಯದೆ ಅದರ ಹತ್ತರಲ್ಲೊಂದು ಪಾಲೂ ಹಿಗ್ಗಲಾರದು. ಹಾಗಾಗಿ ಕಂದಕದ ಹೊರಗಿನ ಸಾಗರತಳ ಉದ್ದುದ್ದಕ್ಕೆ ಸೀಳಿ, ಕೆಲವು ನೂರು ಮೀಟರ್ ಎತ್ತರದ ಮೆಟ್ಟಿಲುಗಳಾಗಿ ಕುಸಿಯುತ್ತದೆ. ಈ ಸೀಳುಗಳೇ ದೊಡ್ಡ ಭೂಕಂಪ ಮಾಡಬಲ್ಲವು: 1933ರಲ್ಲಿ ಜಪಾನಿನ ಸಾನ್ರಿಕು ತೀರದಾಚೆ ಆದ 8.4 ತೀವ್ರತೆಯ ಕಂಪನ ಇಂಥದ್ದು. ಆದರೆ ಮುಂದಿನ ಕಥೆಗೆ ಸೀಳುಗಳ ಮುಖ್ಯ ಕೆಲಸ ಬೇರೆ. ಅವುಗಳ ಮೂಲಕ ಸಮುದ್ರದ ನೀರು ಕೆಳಗಿಳಿದು, ಹೊರಚಿಪ್ಪಿನ ಕೆಳಗಿನ ಪದರವಾದ ಮ್ಯಾಂಟಲ್‌ನ ಆಲಿವಿನ್ ಖನಿಜದೊಂದಿಗೆ ಕೂಡಿ ಸರ್ಪೆಂಟಿನ್ ಆಗುತ್ತದೆ. ಸರ್ಪೆಂಟಿನ್‌ನ ತೂಕದಲ್ಲಿ ಸುಮಾರು ಶೇ. 13 ನೀರು. ಫಲಕ ತನ್ನ ಬುತ್ತಿ ಕಟ್ಟಿಕೊಳ್ಳುವುದು ಇಲ್ಲಿಯೇ.

ಕಂದಕ ತಲುಪಿದಾಗ ಫಲಕದ ಬೆನ್ನ ಮೇಲೆ ಕೆಸರಿನ ಹೊದಿಕೆ ಇರುತ್ತದೆ. ಅದರ ಗಾತ್ರದಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ನೀರು. ಇಲ್ಲಿ ಎರಡು ದಾರಿಗಳಿವೆ. ಕೆಲವು ಅಂಚುಗಳಲ್ಲಿ ಖಂಡದ ತುದಿ ಈ ಕೆಸರನ್ನು ಕೆರೆದು ತನ್ನ ಮುಂದೆ ಪೇರಿಸಿಕೊಳ್ಳುತ್ತದೆ: ಜಪಾನಿನ ನಾಂಕಾಯ್, ಬಾರ್ಬಡೋಸ್, ಮಕ್ರಾನ್ ಹೀಗೆ. ಇನ್ನು ಕೆಲವು ಕಡೆ ಇಳಿಯುವ ಫಲಕವೇ ಮೇಲಿನ ಖಂಡದ ಅಡಿಯನ್ನು ತುಣುಕು ತುಣುಕಾಗಿ ಕಿತ್ತುಕೊಂಡು ಒಯ್ಯುತ್ತದೆ: ಉತ್ತರ ಚಿಲಿ, ಪೆರು, ಕೋಸ್ಟರಿಕಾ. ಸಬ್‌ಡಕ್ಷನ್ ಎಂದರೆ ಖಂಡ ಬೆಳೆಯುವುದು ಎಂದು ಹಿಂದೆ ಬರೆಯುತ್ತಿದ್ದರು. ಜಗತ್ತಿನ ಇಂಥ ಅಂಚುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಡೆ ಖಂಡ ಸವೆಯುತ್ತಿದೆ ಎಂಬುದು ಇಂದಿನ ತಿಳಿವಳಿಕೆ.

ಪೇರಿಸಿಕೊಂಡ ಕೆಸರು ಬೆಣೆಯ ಆಕಾರಕ್ಕೆ ಬರುವುದನ್ನು ಮೇಜಿನ ಮೇಲೆಯೇ ನೋಡಬಹುದು. ಈ ವಿಷಯ ಕಲಿಯುವವರೆಲ್ಲ ಒಮ್ಮೆಯಾದರೂ ಇದನ್ನು ಮಾಡಲೇಬೇಕು. ಸುಮಾರು ಒಂದು ಮೀಟರ್ ಉದ್ದ, 25–30 ಸೆಂ.ಮೀ. ಅಗಲದ ಗಾಜಿನ ಗೋಡೆಯ ಪೆಟ್ಟಿಗೆ ತೆಗೆದುಕೊಳ್ಳಿ. ತಳದಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಒಂದು ತುದಿಯನ್ನು ಹಿಂಗೋಡೆಯ ಕೆಳಗಿನ ಸೀಳಿನಿಂದ ಹೊರಕ್ಕೆ ತನ್ನಿ. ಜರಡಿ ಹಿಡಿದ, 0.2–0.4 ಮಿ.ಮೀ. ಕಣದ ಒಣ ಮರಳನ್ನು 2–3 ಸೆಂ.ಮೀ. ದಪ್ಪಕ್ಕೆ ಉದುರಿಸಿ, ನಡುನಡುವೆ ಬಣ್ಣದ ಮರಳಿನ ತೆಳು ಪದರ ಇರಲಿ. ಹಾಳೆಯನ್ನು ಒಂದೇ ಸಮನೆ, ನಿಧಾನವಾಗಿ ಎಳೆಯಿರಿ. ಮೊದಲ ಕೆಲವು ಸೆಂಟಿಮೀಟರ್ ಎಳೆಯುವಷ್ಟರಲ್ಲಿ ಹಿಂಗೋಡೆಯ ಬಳಿ ಸುಮಾರು 30 ಡಿಗ್ರಿ ಓರೆಯ ಜಾರುಪದರ ಹುಟ್ಟಿ, ಮರಳು ಮರಳಿನ ಮೇಲೇರುತ್ತದೆ. ಆಮೇಲೆ ಅದರ ಮುಂದೆ ಇನ್ನೊಂದು, ಮತ್ತೊಂದು. ನೀವು 40 ಸೆಂ.ಮೀ. ಎಳೆಯುವಷ್ಟರಲ್ಲಿ ಒಂದರ ಮೇಲೊಂದು ಒರಗಿದ ಹೆಂಚುಗಳಂತೆ ಪದರಗಳು ನಿಂತು, ಒಟ್ಟು ರಾಶಿಯ ಇಳಿಜಾರು ಒಂದು ಕೋನಕ್ಕೆ ಬಂದು ನೆಲೆಯಾಗುತ್ತದೆ. ಅಲ್ಲಿಂದ ಮುಂದೆ ಎಷ್ಟೇ ಎಳೆದರೂ ಬೆಣೆ ದೊಡ್ಡದಾಗುತ್ತದೆಯೇ ಹೊರತು ಆ ಕೋನ ಹೆಚ್ಚು ಬದಲಾಗುವುದಿಲ್ಲ. ಮರಳು ಇಷ್ಟು ಚೆನ್ನಾಗಿ ಹೊಂದುವುದಕ್ಕೆ ಕಾರಣವಿದೆ: ಅದರ ಒಳಘರ್ಷಣೆ ಗುಣಾಂಕ (ಒತ್ತಿದ ಬಲಕ್ಕೆ ಹೋಲಿಸಿದರೆ ಜಾರಿಸಲು ಎಷ್ಟು ಬಲ ಬೇಕೆಂದು ಹೇಳುವ ಸಂಖ್ಯೆ) 0.6ರ ಸುತ್ತ ಇದ್ದು ಬಂಡೆಗೆ ಸಮೀಪ, ಅಂಟುಬಲ ಬಂಡೆಯದಕ್ಕಿಂತ ಲಕ್ಷ ಪಟ್ಟು ಕಡಿಮೆ. ಹಾಗಾಗಿ ಪೆಟ್ಟಿಗೆಯ ಒಂದು ಸೆಂಟಿಮೀಟರನ್ನು ನಿಸರ್ಗದ ಸುಮಾರು ಒಂದು ಕಿಲೋಮೀಟರ್ ಎಂದು ಓದಬಹುದು.

ಕೆಡುವುದು ಎಲ್ಲಿ ಎಂದೂ ಹೇಳಿಬಿಡುತ್ತೇನೆ. ಮರಳಿನಲ್ಲಿ ಸ್ವಲ್ಪ ತೇವವಿದ್ದರೂ ಅಂಟುಬಲ ಹೆಚ್ಚಿ, ಜಾರುಪದರದ ಬದಲು ಇಡೀ ಹೆಂಟೆ ಏಳುತ್ತದೆ. ಒಂದು ಸಲ ಎತ್ತರದಿಂದ, ಇನ್ನೊಂದು ಸಲ ತಗ್ಗಿನಿಂದ ಸುರಿದರೆ ಸಾಂದ್ರತೆ ಬದಲಾಗಿ ಎರಡು ಪ್ರಯೋಗಗಳನ್ನು ಹೋಲಿಸಲಾಗುವುದಿಲ್ಲ. ಗಾಜಿನ ಗೋಡೆ ಮರಳನ್ನು ಹಿಡಿದುಕೊಳ್ಳುವುದರಿಂದ ಅಂಚಿನಲ್ಲಿ ಕಾಣುವ ಚಿತ್ರ ಮೋಸ ಮಾಡುತ್ತದೆ. ಕೊನೆಯಲ್ಲಿ ನೀರನ್ನು ಮೆಲ್ಲಗೆ ಇಂಗಿಸಿ, ತೆಳು ತಗಡಿನಿಂದ ನಡುವೆ ಕೊಯ್ದು ನೋಡಬೇಕು. ಇನ್ನು ತಳ ಬದಲಿಸಿ ನೋಡಿ. ಮರಳುಕಾಗದ ಅಂಟಿಸಿದ ತಳದಲ್ಲಿ ಬೆಣೆ ಗಿಡ್ಡವಾಗಿ ಕಡಿದಾಗುತ್ತದೆ. ನುಣುಪಾದ ಗಾಜಿನ ಮಣಿಗಳ ತೆಳು ಪದರ ಹಾಕಿದರೆ ಉದ್ದವಾಗಿ ಚಪ್ಪಟೆಯಾಗುತ್ತದೆ. ಭೂವಿಜ್ಞಾನಿಗಳಾದ ಡೇವಿಸ್, ಸಪ್ಪೆ ಮತ್ತು ಡಾಲನ್ 1983ರಲ್ಲಿ ಗಣಿತದಲ್ಲಿ ಹೇಳಿದ್ದು ಇದನ್ನೇ: ಬೆಣೆಯ ಕೋನವನ್ನು ನೋಡಿ ತಳದ ಹಿಡಿತ ಎಷ್ಟೆಂದು ಅಳೆಯಬಹುದು. ತೈವಾನಿನ ಬೆಣೆಯಲ್ಲಿ ಮೇಲಿನ ಇಳಿಜಾರು ಸುಮಾರು 3 ಡಿಗ್ರಿ, ತಳದ ಓರೆ ಸುಮಾರು 6 ಡಿಗ್ರಿ. ಬಾರ್ಬಡೋಸ್ ಬೆಣೆ ಅದಕ್ಕಿಂತಲೂ ಚಪ್ಪಟೆ. ಒಣ ಬಂಡೆಯ ಘರ್ಷಣೆಯನ್ನಿಟ್ಟು ಲೆಕ್ಕ ಮಾಡಿದರೆ ಇಷ್ಟು ಚಪ್ಪಟೆ ಬೆಣೆ ಬರುವುದೇ ಇಲ್ಲ. ತಳ ಬಹಳ ಜಾರುತ್ತಿರಬೇಕು.

ಯಾಕೆ ಜಾರುತ್ತದೆ? ನೀರಿನ ಲೆಕ್ಕ ಬರುವುದು ಇಲ್ಲಿ. ಭೂಮಿಯೊಳಗೆ 20 ಕಿ.ಮೀ. ಆಳದಲ್ಲಿ ಮೇಲಿನ ಬಂಡೆಯ ಭಾರ ಸುಮಾರು 540 ಮೆಗಾಪಾಸ್ಕಲ್ (ಒತ್ತಡದ ಅಳತೆ). ಸಂದುಗಳಲ್ಲಿರುವ ನೀರಿಗೆ ಮೇಲಿನವರೆಗೂ ದಾರಿ ಇದ್ದರೆ ಅದರ ಒತ್ತಡ ಸುಮಾರು 200. ಎರಡು ಬಂಡೆಗಳನ್ನು ಒಂದಕ್ಕೊಂದು ಅದುಮುವ ನಿವ್ವಳ ಒತ್ತಡ 340. ಘರ್ಷಣೆ ಗುಣಾಂಕ 0.6 ಎಂದರೆ ಜಾರಿಸಲು ಸುಮಾರು 200 ಮೆಗಾಪಾಸ್ಕಲ್ ಬೇಕು. ಈಗ ಜೇಡಿಯ ಪದರ ನೀರಿನ ದಾರಿ ಮುಚ್ಚಿದೆ, ನೀರು ಮೇಲಿನ ಭಾರದ ಶೇ. 95ರಷ್ಟನ್ನು ತಾನೇ ಹೊರುತ್ತಿದೆ ಎನ್ನಿ. ನಿವ್ವಳ ಒತ್ತಡ 27ಕ್ಕೆ ಇಳಿಯಿತು. ಜಾರಿಸಲು 16 ಸಾಕು. ಕಲ್ಲು ಬದಲಾಗಲಿಲ್ಲ, ಆಳ ಬದಲಾಗಲಿಲ್ಲ, ಬಲ ಹನ್ನೆರಡು ಪಟ್ಟು ಕಡಿಮೆಯಾಯಿತು. ದೊಡ್ಡ ಬಂಡೆಹಾಳೆಗಳು ಪುಡಿಯಾಗದೆ ಹತ್ತಾರು ಕಿಲೋಮೀಟರ್ ಹೇಗೆ ಜಾರುತ್ತವೆ ಎಂಬ ಹಳೆಯ ಒಗಟನ್ನು ಭೂವಿಜ್ಞಾನಿಗಳಾದ ಹಬರ್ಟ್ ಮತ್ತು ರೂಬಿ 1959ರಲ್ಲಿ ಬಿಡಿಸಿದ್ದು ಇದೇ ಲೆಕ್ಕದಿಂದ.

ಇದರ ಜೊತೆಗೆ ಜೇಡಿಯ ಗುಣವೂ ಸೇರುತ್ತದೆ. ಸ್ಮೆಕ್ಟೈಟ್ ಎಂಬ ಜೇಡಿಖನಿಜ ತನ್ನ ಪದರಗಳ ನಡುವೆ ನೀರನ್ನು ಇಟ್ಟುಕೊಂಡಿರುತ್ತದೆ. ಒದ್ದೆಯಿದ್ದಾಗ ಅದರ ಘರ್ಷಣೆ ಗುಣಾಂಕ 0.1–0.2ಕ್ಕೆ ಇಳಿಯುತ್ತದೆ. 2011ರ ಮಾರ್ಚ್ 11ರ ಜಪಾನಿನ ತೊಹೊಕು ಭೂಕಂಪದಲ್ಲಿ ಕಂದಕದ ಬಳಿ ಫಲಕಗಳ ನಡುವಣ ಸ್ತರಭಂಗ (ಎರಡು ಬದಿಯ ಬಂಡೆ ಒಂದರ ಮೇಲೊಂದು ಜಾರುವ ಸೀಳು) ಸುಮಾರು 50 ಮೀಟರ್ ಜಾರಿತು. ಮರುವರ್ಷ ಜಪಾನಿನ ಕೊರೆಯುವ ಹಡಗು ‘ಚಿಕ್ಯು’ ಸುಮಾರು 6.9 ಕಿ.ಮೀ. ನೀರಿನ ಕೆಳಗೆ, ಸಾಗರತಳದಿಂದ 800 ಮೀಟರಿಗೂ ಆಳಕ್ಕೆ ಕೊರೆದು ಆ ಸ್ತರಭಂಗವನ್ನೇ ಮುಟ್ಟಿತು. ಅಷ್ಟು ದೊಡ್ಡ ಜಾರಿಕೆ ನಡೆದ ಪದರದ ದಪ್ಪ 5 ಮೀಟರಿಗಿಂತ ಕಡಿಮೆ, ಅದರಲ್ಲಿ ಬಹುಪಾಲು ಸ್ಮೆಕ್ಟೈಟ್. ರಂಧ್ರದಲ್ಲಿ 55 ಉಷ್ಣಮಾಪಕಗಳನ್ನು ತಿಂಗಳುಗಟ್ಟಲೆ ಇಳಿಬಿಟ್ಟಿದ್ದರು. ಉಜ್ಜಾಟದಿಂದ ಹುಟ್ಟಿ ಉಳಿದಿದ್ದ ಹೆಚ್ಚುವರಿ ಬಿಸಿ ಬರೀ 0.31 ಡಿಗ್ರಿ. ಅದರಿಂದ ಹಿಂದಕ್ಕೆ ಲೆಕ್ಕ ಹಾಕಿದಾಗ ಸಿಕ್ಕ ಘರ್ಷಣೆ ಗುಣಾಂಕ 0.08. ಕಂದಕದ ಬಳಿಯ ಮೆತ್ತನೆಯ ಜೇಡಿ ಭೂಕಂಪವನ್ನು ತಡೆಯುತ್ತದೆ ಎಂದು ಅದುವರೆಗೆ ನಂಬಿದ್ದೆವು. ನಿಧಾನ ತಳ್ಳಿದಾಗ ತಡೆಯುವ ಪದರವೇ, ಆಳದಿಂದ ವೇಗವಾಗಿ ಬಂದ ಸೀಳಿಗೆ ಸಿಕ್ಕಾಗ ಬಿಸಿಯಾದ ನೀರು ಉಬ್ಬಿ ಹಿಡಿತ ಬಿಟ್ಟುಕೊಡಬಲ್ಲದು. ಆ ನಂಬಿಕೆಯನ್ನು ಆಧರಿಸಿದ ಸುನಾಮಿ ಅಂದಾಜುಗಳನ್ನೆಲ್ಲ ಮತ್ತೆ ಮಾಡಬೇಕಾಯಿತು.

ಇನ್ನೂ ಆಳದಲ್ಲಿ ಕೊರೆಯುವುದು ಸುಲಭವಲ್ಲ. ನಾಂಕಾಯ್‌ನಲ್ಲಿ ಅದೇ ಹಡಗು 2018–19ರಲ್ಲಿ 5 ಕಿ.ಮೀ.ಗೂ ಆಳದ ಫಲಕದ ಗಡಿ ಮುಟ್ಟಲು ಹೊರಟು 3,262.5 ಮೀಟರಿನಲ್ಲಿ ನಿಲ್ಲಬೇಕಾಯಿತು. ಬೆಣೆಯೊಳಗಿನ ಪದರಗಳು ಮಡಿಚಿ, ಒಡೆದು, ಕಡಿದಾಗಿ ನಿಂತಿದ್ದವು. ಕೊರೆದ ರಂಧ್ರದ ಗೋಡೆ ನಿಲ್ಲಲಿಲ್ಲ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಇಂಥ ಆಳದಿಂದ ಮೇಲೆ ಬಂದು ನೆಲದ ಮೇಲೆ ತೆರೆದುಕೊಂಡಿರುವ ಕಲ್ಲುಗಳಲ್ಲಿದೆ. ಜಪಾನಿನ ಶಿಮಾಂಟೊ, ಅಲಾಸ್ಕಾದ ಕೋಡಿಯಾಕ್, ಕ್ಯಾಲಿಫೋರ್ನಿಯಾದ ಫ್ರಾನ್ಸಿಸ್ಕನ್ ಶಿಲಾಸಮೂಹಗಳಲ್ಲಿ ‘ಮೆಲಾಂಜ್’ ಎಂಬ ಕಲಬೆರಕೆ ಬಂಡೆ ಸಿಗುತ್ತದೆ. ಅದರ ಒಂದು ತುಂಡನ್ನು ಕೈಯಲ್ಲಿ ಹಿಡಿದರೆ, ಕಪ್ಪು ಜೇಡಿಶಿಲೆಯ ನಡುವೆ ಮರಳುಗಲ್ಲಿನ ತುಣುಕುಗಳು ಕಣ್ಣಿನಾಕಾರಕ್ಕೆ ಎಳೆದುಕೊಂಡು ಕೂತಿರುತ್ತವೆ. ಜೇಡಿಯನ್ನು ಉಗುರಿನಿಂದ ಕೆದಕಿದರೆ ಮೀನಿನ ಹುರುಪೆಯಂಥ ಹೊಳೆಯುವ ಚಕ್ಕೆಗಳು ಏಳುತ್ತವೆ. ಪ್ರತಿ ಚಕ್ಕೆಯ ಮೈಯೂ ಒಂದು ಜಾರುಮೈ. ಮರಳುಗಲ್ಲಿನ ತುಣುಕನ್ನು ಮಾತ್ರ ಬಿಳಿ ಕ್ವಾರ್ಟ್ಜ್ ಎಳೆಗಳು ಅಡ್ಡಡ್ಡ ಕತ್ತರಿಸಿರುತ್ತವೆ. ಮೆತ್ತನೆಯದು ಬಳುಕಿದೆ, ಗಡಸಾದದ್ದು ಒಡೆದಿದೆ. ಎರಡೂ ಒಂದೇ ಕಾಲದಲ್ಲಿ, ಒಂದೇ ಉಷ್ಣತೆಯಲ್ಲಿ.

ಆ ಬಿಳಿ ಎಳೆಯನ್ನು 0.03 ಮಿ.ಮೀ. ದಪ್ಪಕ್ಕೆ ಅರೆದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಎಳೆಯೊಳಗೆ ಸಾಲುಸಾಲು ಗೆರೆಗಳು ಕಾಣುತ್ತವೆ. ಒಂದೊಂದು ಪಟ್ಟಿಯ ಅಗಲ ಹತ್ತಿಪ್ಪತ್ತು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್). ಪ್ರತಿ ಪಟ್ಟಿಯೂ ಒಂದು ಸಲ ಬಾಯಿಬಿಟ್ಟು, ನೀರು ನುಗ್ಗಿ, ಕ್ವಾರ್ಟ್ಜ್ ಕಟ್ಟಿ ಮುಚ್ಚಿದ ಬಿರುಕು. ಐದು ಮಿಲಿಮೀಟರ್ ದಪ್ಪದ ಎಳೆಯಲ್ಲಿ ಇಂಥ ಇನ್ನೂರು, ಮುನ್ನೂರು ಪಟ್ಟಿಗಳಿರಬಹುದು. ಅಷ್ಟು ಕ್ವಾರ್ಟ್ಜ್ ಎಲ್ಲಿಂದ ಬಂತು? ಪಕ್ಕದ ಜೇಡಿಶಿಲೆಯಲ್ಲಿ ಕಪ್ಪು ಅಲೆಗೆರೆಗಳನ್ನು ಹುಡುಕಿ. ಅಲ್ಲಿ ಕಣಗಳು ಒಂದಕ್ಕೊಂದು ಒತ್ತಿಕೊಂಡ ಕಡೆ ಸಿಲಿಕಾ ನೀರಿನಲ್ಲಿ ಕರಗಿ ಹೋಗಿ, ಕರಗದ ಜೇಡಿ, ಇಂಗಾಲ ಉಳಿದಿದೆ. ಒತ್ತಡ ಹೆಚ್ಚಿದ್ದಲ್ಲಿ ಕರಗಿ, ಕಡಿಮೆಯಿದ್ದಲ್ಲಿ ಕಟ್ಟುವ ಈ ಬಗೆಯನ್ನು ‘ಒತ್ತಡ ಕರಗುವಿಕೆ’ ಎನ್ನುತ್ತೇವೆ. ಸುಮಾರು 150ರಿಂದ 350 ಡಿಗ್ರಿವರೆಗೆ ಬಂಡೆ ಬಳುಕುವುದು ಬಹುಮಟ್ಟಿಗೆ ಹೀಗೆ: ಅಣು ಅಣುವಾಗಿ ಜಾಗ ಬದಲಿಸಿಕೊಂಡು. ಕಣ ಅರ್ಧದಷ್ಟು ಚಿಕ್ಕದಾದರೆ ಇದರ ವೇಗ ಎಂಟು ಪಟ್ಟು ಹೆಚ್ಚುತ್ತದೆ. ಒಡೆದು ಪುಡಿಯಾಗುವುದೇ ಮುಂದೆ ಬಳುಕುವುದಕ್ಕೆ ದಾರಿ ಮಾಡಿಕೊಡುತ್ತದೆ. ಶಿಮಾಂಟೊದಲ್ಲಿ ಕೆಲವೆಡೆ ಇವೆಲ್ಲದರ ನಡುವೆ ತೆಳುವಾದ ಕಪ್ಪು ಗಾಜಿನಂಥ ಎಳೆಯೂ ಇದೆ. ಅದು ಭೂಕಂಪದ ಕೆಲವೇ ಸೆಕೆಂಡುಗಳ ಜಾರಿಕೆಯಲ್ಲಿ ಕರಗಿ ಹೆಪ್ಪುಗಟ್ಟಿದ ಬಂಡೆ.

ಉಷ್ಣತೆ ಏರುತ್ತಾ ಹೋದಂತೆ ಹರಳಿನೊಳಗಿನ ದೋಷಗಳೇ, ಅಂದರೆ ಅಣುಗಳ ಸಾಲು ತಪ್ಪಿದ ಜಾಗಗಳೇ, ಸರಿದಾಡತೊಡಗಿ ಹರಳು ಒಡೆಯದೆ ಹರಿಯುತ್ತದೆ. ಕ್ವಾರ್ಟ್ಜ್‌ಗೆ ಇದು 300–350 ಡಿಗ್ರಿಯ ಸುತ್ತ, ಫೆಲ್ಡ್‌ಸ್ಪಾರ್‌ಗೆ 450ರ ಸುತ್ತ ಶುರುವಾಗುತ್ತದೆ. ಆಲಿವಿನ್‌ಗೆ ಇನ್ನೂ ಬಿಸಿ ಬೇಕು. ಪ್ರಯೋಗಾಲಯದ ನಿಯಮದ ಪ್ರಕಾರ 300ರಿಂದ 350 ಡಿಗ್ರಿಗೆ ಏರಿದರೆ ಕ್ವಾರ್ಟ್ಜ್ ಹರಿಯುವ ವೇಗ ಸುಮಾರು ಹತ್ತು ಪಟ್ಟು, ಒತ್ತಾಯದ ಬಲ ಇಮ್ಮಡಿಯಾದರೆ ಹದಿನಾರು ಪಟ್ಟು. ಹಾಗಾಗಿ ದೊಡ್ಡ ಭೂಕಂಪಗಳ ತಳಗಡಿಯನ್ನು ಸಾಮಾನ್ಯವಾಗಿ 350 ಡಿಗ್ರಿಯ ಹತ್ತಿರ ಗುರುತಿಸುತ್ತಾರೆ. ಎಳೆಯ, ಬಿಸಿ ಫಲಕ ಇಳಿಯುವ ಉತ್ತರ ಅಮೆರಿಕದ ಕ್ಯಾಸ್ಕೇಡಿಯಾದಲ್ಲಿ ಅದು 20–25 ಕಿ.ಮೀ. ಆಳದಲ್ಲೇ ಬಂದುಬಿಡುತ್ತದೆ. ಹಳೆಯ, ತಣ್ಣನೆಯ ಫಲಕವಿರುವ ಈಶಾನ್ಯ ಜಪಾನಿನಲ್ಲಿ ಭೂಕಂಪದ ಜಾರಿಕೆ 50 ಕಿ.ಮೀ. ಆಳದವರೆಗೂ ಹೋಗುತ್ತದೆ.

“ಒಡೆದರೆ ಭೂಕಂಪ, ಬಳುಕಿದರೆ ಇಲ್ಲ” ಎಂಬ ವಿಂಗಡಣೆಯನ್ನು ಪೂರ್ತಿ ಅಲುಗಿಸಿದ್ದು ಆ ಗಡಿಯ ಕೆಳಗೆ ಸಿಕ್ಕ ನಿಧಾನ ಜಾರಿಕೆ. ಕ್ಯಾಸ್ಕೇಡಿಯಾದಲ್ಲಿ ಸುಮಾರು 14 ತಿಂಗಳಿಗೊಮ್ಮೆ, 30–40 ಕಿ.ಮೀ. ಆಳದಲ್ಲಿ ಸ್ತರಭಂಗ ಕೆಲವು ವಾರ ಹಿಡಿದು ಒಂದೆರಡು ಇಂಚು ಜಾರುತ್ತದೆ. ಮೇಲಿನ ಜಿಪಿಎಸ್ ಕೇಂದ್ರಗಳು ಕೆಲವು ಮಿಲಿಮೀಟರ್ ಹಿಂದಕ್ಕೆ ಸರಿಯುತ್ತವೆ. ಯಾರಿಗೂ ನಡುಕ ತಿಳಿಯದು. ಸೂಕ್ಷ್ಮ ಉಪಕರಣದಲ್ಲಿ ಮಾತ್ರ ಮರ್ಮರದಂಥ ಅದುರು ದಾಖಲಾಗುತ್ತದೆ. ಸಮುದ್ರದ ಭರತ ಇಳಿತಕ್ಕೆ ತಕ್ಕಂತೆ ಆ ಅದುರು ಏರಿಳಿಯುತ್ತದೆ ಎಂಬುದು ಇದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವ ಸಂಗತಿ. ಭರತದಿಂದ ಅಷ್ಟು ಆಳದಲ್ಲಿ ಬದಲಾಗುವ ಬಲ ಕೆಲವು ಕಿಲೋಪಾಸ್ಕಲ್. ಮೇಲಿನ ಭಾರ ಸುಮಾರು ಹತ್ತು ಲಕ್ಷ ಕಿಲೋಪಾಸ್ಕಲ್. ಇಷ್ಟು ಚಿಕ್ಕ ತಳ್ಳುವಿಕೆಗೆ ಸ್ತರಭಂಗ ಓಗೊಡುತ್ತದೆ ಎಂದರೆ ಅಲ್ಲಿ ನೀರು ಮೇಲಿನ ಭಾರವನ್ನು ಹೆಚ್ಚುಕಡಿಮೆ ಪೂರ್ತಿ ಹೊತ್ತಿರಬೇಕು.

ಈಗ ಕರಾವಳಿಯ ಪ್ರಶ್ನೆ. ಭೂಕಂಪಗಳ ನಡುವಿನ ಕಾಲದಲ್ಲಿ ಗಡಿ ಕಚ್ಚಿಕೊಂಡಿರುತ್ತದೆ, ಇಳಿಯುವ ಫಲಕ ಖಂಡದ ತುದಿಯನ್ನು ತನ್ನೊಂದಿಗೆ ಎಳೆದು ಬಾಗಿಸುತ್ತದೆ. ವರ್ಷಕ್ಕೆ 8 ಸೆಂ.ಮೀ.ನಂತೆ ನೂರು ವರ್ಷ ಎಳೆದರೆ 8 ಮೀಟರ್. ಅದು 250 ಕಿ.ಮೀ. ಅಗಲಕ್ಕೆ ಹಂಚಿಹೋದರೆ ಒಂದು ಮೀಟರ್ ಬಂಡೆಗೆ 0.03 ಮಿ.ಮೀ. ಕುಗ್ಗು, ತಲೆಗೂದಲಿನ ಅರ್ಧ ದಪ್ಪದಷ್ಟೂ ಇಲ್ಲ. ಬಂಡೆಯ ಬಿಗಿತದಿಂದ ಗುಣಿಸಿದರೆ ಎರಡೂವರೆ ಮೆಗಾಪಾಸ್ಕಲ್ ಸುತ್ತ ಬರುತ್ತದೆ, ಮತ್ತು ದೊಡ್ಡ ಭೂಕಂಪಗಳಲ್ಲಿ ಬಿಡುಗಡೆಯಾಗುವುದೂ ಸಾಮಾನ್ಯವಾಗಿ ಕೆಲವೇ ಮೆಗಾಪಾಸ್ಕಲ್. ಎಳೆದಾಗ ಕಂದಕದ ಬದಿಯ ತುದಿ ಕೆಳಕ್ಕೆ ಬಾಗಿ, ಒಳನಾಡಿನ ಬದಿ ಮೆಲ್ಲಗೆ ಉಬ್ಬುತ್ತದೆ. ಹಿಡಿತ ಬಿಟ್ಟ ಕ್ಷಣ ತುದಿ ಚಿಮ್ಮಿ ಏರುತ್ತದೆ, ಉಬ್ಬಿದ್ದ ಭಾಗ ಕುಸಿಯುತ್ತದೆ. ನಡುವೆ ಏರೂ ಇಳಿಯೂ ಇಲ್ಲದ ಗೆರೆಯೊಂದಿರುತ್ತದೆ. ಕರಾವಳಿ ಆ ಗೆರೆಯ ಯಾವ ಬದಿಗಿದೆ ಎನ್ನುವುದರ ಮೇಲೆ ಎಲ್ಲ ನಿಂತಿದೆ.

ಅಲಾಸ್ಕಾದಲ್ಲಿ 1964ರ ಭೂಕಂಪದಲ್ಲಿ ಮಾಂಟೇಗ್ಯು ದ್ವೀಪ ಕೆಲವೆಡೆ ಸುಮಾರು 10 ಮೀಟರ್ ಏರಿತು, ಒಳಬದಿಯ ತೀರ ಎರಡು ಮೀಟರಿನಷ್ಟು ಮುಳುಗಿತು. ಬಂಡೆಗೆ ಅಂಟಿದ ಬಾರ್ನಕಲ್ ಚಿಪ್ಪುಗಳ ಎತ್ತರ ಅಳೆದು ಭೂವಿಜ್ಞಾನಿ ಜಾರ್ಜ್ ಪ್ಲಾಫ್ಕರ್ ಈ ವಿನ್ಯಾಸವನ್ನು ತೋರಿಸಿಕೊಟ್ಟರು. 2004ರ ಡಿಸೆಂಬರ್ 26ರಂದು ಉತ್ತರ ಅಂಡಮಾನಿನ ಪಶ್ಚಿಮ ತೀರದ ಹವಳ ನೀರಿನಿಂದ ಮೇಲೆದ್ದಿತು. ಗ್ರೇಟ್ ನಿಕೋಬಾರಿನ ಇಂದಿರಾ ಪಾಯಿಂಟ್ ನಾಲ್ಕು ಮೀಟರಿಗೂ ಹೆಚ್ಚು ತಗ್ಗಿ, ದೀಪಸ್ತಂಭದ ಬುಡಕ್ಕೆ ಸಮುದ್ರ ಬಂತು. ತೊಹೊಕುವಿನಲ್ಲಿ ಓಶಿಕಾ ಪರ್ಯಾಯ ದ್ವೀಪ 5.3 ಮೀಟರ್ ಸರಿದು 1.2 ಮೀಟರ್ ಕುಸಿಯಿತು. ಕ್ಯಾಸ್ಕೇಡಿಯಾ ತೀರದ ಉಪ್ಪುಜೌಗಿನಲ್ಲಿ ಸತ್ತು ನಿಂತ ಸೀಡರ್ ಮರಗಳ ಕೊನೆಯ ಉಂಗುರ 1699ರದು. 1700ರ ಜನವರಿ 26ರ ಭೂಕಂಪದಲ್ಲಿ ನೆಲ ತಗ್ಗಿ ಬೇರಿಗೆ ಉಪ್ಪುನೀರು ಹತ್ತಿ ಸತ್ತವು ಅವು. ಫಲಕಗಳು ಓರೆಯಾಗಿ ಕೂಡುವ ಕಡೆ ಇನ್ನೊಂದು ತೊಡಕಿದೆ: ಒತ್ತುವ ಪಾಲನ್ನು ಕಂದಕ ತೆಗೆದುಕೊಂಡರೆ, ಪಕ್ಕಕ್ಕೆ ಸರಿಯುವ ಪಾಲನ್ನು ಒಳನಾಡಿನ ಬೇರೆ ಸ್ತರಭಂಗ ಹೊರುತ್ತದೆ. ಸುಮಾತ್ರದ ಉದ್ದಕ್ಕೂ ಸಾಗುವ 1,900 ಕಿ.ಮೀ. ಸ್ತರಭಂಗ ಅಂಥದ್ದು. ಈ ಎಲ್ಲದರಲ್ಲಿ ಬಂಡೆಯ ಬಹುಪಾಲು ಬಾಗು ರಬ್ಬರಿನಂತೆ ವಾಪಸಾಗುತ್ತದೆ. ವಾಪಸಾಗದೆ ಉಳಿಯುವ ಚಿಕ್ಕ ಪಾಲು ಲಕ್ಷಾಂತರ ವರ್ಷ ಕೂಡಿಕೊಂಡು ಕರಾವಳಿಯ ಗುಡ್ಡಗಳಾಗುತ್ತದೆ.

ಆಳಕ್ಕೆ ಇಳಿದ ಫಲಕದ ಬಗ್ಗೆ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ತಣ್ಣನೆಯ ಫಲಕ ಬೇಗ ಇಳಿಯುವುದರಿಂದ ಅಲ್ಲಿ ಒತ್ತಡ ಹೆಚ್ಚು, ಬಿಸಿ ಕಡಿಮೆ. ಬಸಾಲ್ಟ್ ಮೊದಲು ಗ್ಲಾಕೊಫೇನ್ ಎಂಬ ನೀಲಿ ಖನಿಜ ತುಂಬಿದ ನೀಲಿಶಿಲೆಯಾಗುತ್ತದೆ, ಇನ್ನೂ ಆಳದಲ್ಲಿ ಗಾರ್ನೆಟ್ ತುಂಬಿದ ಎಕ್ಲೊಜೈಟ್ ಆಗುತ್ತದೆ. ಸಾಂದ್ರತೆ ನೀರಿನ 3.0 ಪಟ್ಟಿನ ಸುತ್ತಲಿಂದ 3.5ರ ಹತ್ತಿರ ಏರಿ, ಆ ತೂಕವೇ ತನ್ನ ಹಿಂದೆ ಬರುವ ಫಲಕವನ್ನು ಕೆಳಕ್ಕೆ ಜಗ್ಗುತ್ತದೆ. ಪ್ರತಿ ಬದಲಾವಣೆಯಲ್ಲೂ ಖನಿಜದೊಳಗಿನ ನೀರು ಹೊರಬೀಳುತ್ತದೆ. ಕಂದಕದಾಚೆ ಕಟ್ಟಿಕೊಂಡ ಬುತ್ತಿ ಬಿಚ್ಚುವುದು ಇಲ್ಲಿ. ಸರ್ಪೆಂಟಿನ್ 600–700 ಡಿಗ್ರಿಯಲ್ಲಿ ಒಡೆದು ನೀರು ಬಿಟ್ಟಾಗ, ಭಾರದಿಂದ ಬಿಗಿದುಹೋಗಿರಬೇಕಾದ ಬಂಡೆ ಮತ್ತೆ ಬಿರುಕುಬಿಡಲು ಶಕ್ತವಾಗುತ್ತದೆ. 70ರಿಂದ 300 ಕಿ.ಮೀ. ಆಳದ ಭೂಕಂಪಗಳಿಗೆ ಹೆಚ್ಚಿನವರು ಒಪ್ಪುವ ವಿವರಣೆ ಇದು. 1994ರ ಬೊಲಿವಿಯಾ, 2013ರ ಓಖೋಟ್ಸ್ಕ್ ಭೂಕಂಪಗಳಂಥವು 600 ಕಿ.ಮೀ.ಗೂ ಆಳದವು, ಅಲ್ಲಿ ಆಲಿವಿನ್ ತನ್ನ ಹರಳಿನ ಕಟ್ಟಡವನ್ನೇ ಬದಲಿಸುವಾಗ ಜಾರುತ್ತದೆ ಎಂಬ ವಾದವೇ ಪ್ರಬಲ, ಚರ್ಚೆ ಮುಗಿದಿಲ್ಲ.

ಅಷ್ಟು ಆಳಕ್ಕೆ ಹೋಗಿ ಹಿಂದಿರುಗಿದ ಬಂಡೆಯೂ ಇದೆ. ಆಲ್ಪ್ಸ್‌ನ ಡೋರಾ ಮೈರಾದಲ್ಲಿ 1984ರಲ್ಲಿ ಗಾರ್ನೆಟ್ ಹರಳಿನೊಳಗೆ ಕೋಸೈಟ್ ಸಿಕ್ಕಿತು. ಸುಮಾರು 90 ಕಿ.ಮೀ. ಅಥವಾ ಅದಕ್ಕಿಂತ ಆಳದಲ್ಲಷ್ಟೇ ನೆಲೆಯಾಗುವ ಸಿಲಿಕಾ ಅದು. ಲಡಾಖ್‌ನ ತ್ಸೊ ಮೊರಾರಿಯಲ್ಲೂ ಕೋಸೈಟ್ ಇದೆ, ಭಾರತ ಖಂಡದ ಅಂಚೇ ಒಮ್ಮೆ ಅಷ್ಟು ಆಳಕ್ಕೆ ಇಳಿದಿತ್ತು ಎಂಬುದಕ್ಕೆ ಸಾಕ್ಷಿಯಾಗಿ. ಬಂಡೆ ಮೇಲೇರುವಾಗ ಕೋಸೈಟ್ ಕ್ವಾರ್ಟ್ಜ್ ಆಗಿ ಶೇ. 10ರಷ್ಟು ಉಬ್ಬುತ್ತದೆ. ಸುತ್ತಲಿನ ಗಾರ್ನೆಟ್ ಬಳುಕದೆ ಒಡೆಯುತ್ತದೆ. ಸೂಕ್ಷ್ಮದರ್ಶಕದಲ್ಲಿ ಆ ಚಿಕ್ಕ ಕಣದಿಂದ ಎಲ್ಲ ದಿಕ್ಕಿಗೂ ಸೂರ್ಯಕಿರಣದಂತೆ ಬಿರುಕುಗಳು ಹೊರಟಿರುತ್ತವೆ. ಅವುಗಳ ನಟ್ಟನಡುವೆ, ನೀರು ತಾಗದೆ ಉಳಿದ ಕೋಸೈಟ್‌ನ ಚೂರು ಇನ್ನೂ ಇರುತ್ತದೆ.